ಪಾವಟಿಗೆ ಪಕ್ಕದ ಗುಳಿ

ಗುರುಪಾದನ ಸಂಕಟ ಶುರುವಾದದ್ದು ಒಂದು ಹೆಂಟೆ ಮಣ್ಣಿನಿಂದ. ಭಾನುವಾರ ಬೆಳಿಗ್ಗೆ ಅದು ಅಡುಗೆಮನೆಯ ಜಂತಿಗಳ ಸಂದಿಯಿಂದ ಕಳಚಿ, ಭೂಮಿಯ ಮೇಲೆ ಬೇರೆಲ್ಲೂ ಜಾಗವಿಲ್ಲವೆಂಬಂತೆ, ವಿಜಯಶ್ರೀ ರೊಟ್ಟಿಗೆಂದು ನಾದುತ್ತಿದ್ದ ಜೋಳದ ಹಿಟ್ಟಿನ ನಟ್ಟನಡುವೆ ಬಂದು ಕುಳಿತಿತು.

ವಿಜಯಶ್ರೀ ಹಿಟ್ಟನ್ನು ನೋಡಿದಳು, ಮಾಳಿಗೆಯನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಈ ಮೂವರಲ್ಲಿ ತಪ್ಪಿತಸ್ಥ ಯಾರೆಂಬ ಬಗ್ಗೆ ಅವಳಿಗೆ ಸಂಶಯವಿರಲಿಲ್ಲ.

"ಗೌಂಡಿ ಲಾಡ್ಲೆಸಾಬಗ ಫೋನ್ ಮಾಡ್ತೇನಿ. ನಾಳಿ ಜೆಸಿಬಿ ತರಲಿ. ಇದನ್ನ ಕೆಡವಿ ಸ್ಲ್ಯಾಬ್ ಹಾಕೋದೇ."

"ವಿಜೂ, ಇಂಥಾ ಮನಿ ಈಗ ಕಟ್ಟಸ್ತೇನಿ ಅಂದ್ರೂ ಆಗೂದಿಲ್ಲ. ಗ್ವಾಡಿ ದಪ್ಪ ನೋಡು! ಹೊರಗ ಬೆಂಕಿಯಂಥಾ ಬಿಸಿಲಿದ್ರೂ ಒಳಗ..."

"ಒಳಗ ಮಣ್ಣು ಬೀಳ್ತದ."

ಗುರುಪಾದ ಆಳಂದದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು. ಈ ಮನೆಯನ್ನು ಅವನು ತೊಗರಿ ವ್ಯಾಪಾರಿಯೊಬ್ಬನಿಂದ ಕೊಂಡಿದ್ದ. ವ್ಯಾಪಾರಿಗೆ ಅದು ಚೀಲ ಒಟ್ಟುವ ಗೋದಾಮು. ಗುರುಪಾದನಿಗೆ ಅದೊಂದು ಪ್ರಯೋಗಶಾಲೆ. ಒಳಗೊಂದು, ಹೊರಗೊಂದು ಉಷ್ಣಮಾಪಕ ತೂಗುಹಾಕಿ, ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಎರಡರ ಅಂತರವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಕಟ್ಟೆಯ ಮೇಲಿಂದ ಕೂಗಿ ಹೇಳುತ್ತಿದ್ದ. ಓಣಿಯವರು ಬಿಸಿಲಿಗಿಂತ ಅದಕ್ಕೇ ಹೆಚ್ಚು ಹೆದರುತ್ತಿದ್ದರು.

ಅವನ ತಲೆ ಕೆಡಿಸಿದ್ದು ಮಾತ್ರ ಒಂದು ಗುಳಿ. ಮಾಳಿಗೆಗೆ ಹತ್ತುವ ಕಲ್ಲಿನ ಪಾವಟಿಗೆ ಎಲ್ಲಿ ತಿರುಗುತ್ತದೋ ಅಲ್ಲಿ, ಪಕ್ಕದ ಮಣ್ಣಿನ ಗೋಡೆಯಲ್ಲಿ, ಬೆಣ್ಣೆ ಸವರಿದಷ್ಟು ನುಣುಪಾದ ಅಂಗೈಯಗಲದ ಗುಳಿಯಿತ್ತು. ದೀಪ ಇಡುವ ಗೂಡೆನ್ನೋಣವೆಂದರೆ, ಬಿಳಿ ಬಟ್ಟೆಯಿಂದ ಎಷ್ಟು ಒರೆಸಿದರೂ ಮಸಿ ಹತ್ತಲಿಲ್ಲ. ಗಾಳಿಕಿಂಡಿಯೆನ್ನೋಣವೆಂದರೆ ಆಚೆ ತೂತಿಲ್ಲ. ಕಟ್ಟಿಸಿದವರು ಏನೋ ದೊಡ್ಡ ಲೆಕ್ಕಾಚಾರ ಹಾಕಿಯೇ ಮಾಡಿಸಿರಬೇಕೆಂದು ಅವನು ನಂಬಿದ್ದ.

"ಸಂಜಿತನಾ ಟೈಮ್ ಕೊಡ್ತೇನಿ," ಎಂದಳು ವಿಜಯಶ್ರೀ, ಹಿಟ್ಟನ್ನು ಎಮ್ಮೆಯ ಮುಸುರೆಯ ಬಾನಿಗೆ ಸುರಿಯುತ್ತ. "ಈ ಮನ್ಯಾಗ ಮೊದ್ಲ ಯಾರಿದ್ರು, ಕೆಡವಬಾರದಂಥಾದ್ದು ಇದ್ರಾಗ ಏನದ, ಒಂದರ ತಂದು ತೋರಸ್ರಿ. ಇಲ್ಲಂದ್ರ ಜೆಸಿಬಿ."

ಗುರುಪಾದ ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ದೇವಿಂದ್ರಪ್ಪನ ಚಹಾದ ಹೋಟೆಲಿಗೆ ಹೋದ. ಆಳಂದದಲ್ಲಿ ಯಾರು ಯಾರ ಮೊಮ್ಮಗ ಎಂಬುದು ಆ ಮೊಮ್ಮಗನಿಗೇ ಗೊತ್ತಿಲ್ಲದಿದ್ದರೂ ದೇವಿಂದ್ರಪ್ಪನಿಗೆ ಗೊತ್ತಿರುತ್ತಿತ್ತು.

"ಕಾಕಾ, ತೊಗರಿ ಸಾವಕಾರಕಿಂತ ಮೊದ್ಲ ನಮ್ಮ ಮನ್ಯಾಗ ಯಾರಿದ್ರು?"

"ಸಕ್ಕುಬಾಯಿ ತವರಮನಿ ಅಲ್ಲೇನೋ ಅದು? ಆಯಿ ಇನ್ನಾ ಗಟ್ಟಿ ಅದಾಳ. ಅಫಜಲಪುರದಾಗ ಮಗ ಶಾಂತಲಿಂಗಪ್ಪನ ಬಲ್ಲಿ ಇರ್ತಾಳ."

"ಎಂಥಾ ಮಂದಿ ಕಾಕಾ?"

"ಛಲೋ ಮಂದಿ."

"ಮೂಲ ಯಾ ಊರು? ಹೊಲ ಎಲ್ಲಿತ್ತು? ಈಗಿನ ಪೀಳಿಗಿ ಏನ್ ಮಾಡ್ಕೊಂಡದ?"

ಚಹಾ ಸೋಸುತ್ತಿದ್ದ ದೇವಿಂದ್ರಪ್ಪನ ಕೈ ನಿಂತಿತು. ಈ ಸೀಮೆಯಲ್ಲಿ ಇನ್ನೊಬ್ಬರ ಅಜ್ಜನ ಮೂಲ ಕೆದಕುವುದು ಎರಡೇ ಸಂದರ್ಭಗಳಲ್ಲಿ: ಒಂದು ಕೋರ್ಟಿಗೆ ಹೋಗುವ ಮುಂಚೆ, ಇನ್ನೊಂದು ಬೀಗತನ ಮಾಡುವ ಮುಂಚೆ. ಗುರುಪಾದನ ಮುಖ ಕೋರ್ಟಿಗೆ ಹೋಗುವವನದ್ದಾಗಿರಲಿಲ್ಲ.

"ನಿನ್ನ ತಂಗಿ ಶಿವಗಂಗಾ ಪೋಸ್ಟಾಫೀಸ್‌ನಾಗೇ ಅದಾಳಲ್ಲ?"

"ಅದಾಳ್ರಿ. ಯಾಕ?"

"ಸುಮ್ನ ಕೇಳ್ದೆ. ನೀ ಚಹಾ ಕುಡಿ. ಮುಂದಿಂದು ನನಗ ಬಿಡು."

"ಆಯಿ ಕೂಡ ಒಂದೀಟು ಮಾತಾಡಿದ್ರ ಭಾಳ ಉಪಕಾರ ಆಗ್ತದ ಕಾಕಾ. ಸಂಜೀ ಒಳಗ ತೀರ್ಮಾನ ಆಗಬೇಕು."

"ಸಂಜೀ ಒಳಗ?" ದೇವಿಂದ್ರಪ್ಪ ಹುಬ್ಬೇರಿಸಿದ. "ಇಷ್ಟ್ಯಾಕ ಅವಸರ?"

"ಮಳಿಗಾಲ ಬಂತಲ್ರಿ. ಇನ್ನ ತಡಾ ಮಾಡಿದ್ರ ನನ್ನ ಕೈ ಮೀರತದ."

ದೇವಿಂದ್ರಪ್ಪ ಗಂಭೀರವಾಗಿ ತಲೆಯಾಡಿಸಿ ಫೋನು ಕೈಗೆತ್ತಿಕೊಂಡ. ಇತಿಹಾಸದ ಬಗ್ಗೆ ಈ ಮನುಷ್ಯನಿಗೆ ಎಷ್ಟು ಕಳಕಳಿಯೆಂದು ಗುರುಪಾದನ ಎದೆ ತುಂಬಿ ಬಂತು.

ಮನೆಗೆ ಮರಳುವಷ್ಟರಲ್ಲಿ ಎದುರುಮನೆಯ ಸುಭದ್ರಾಬಾಯಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಅವಳ ಕೈಯಲ್ಲಿ ಹೊಸ ಕಪ್ಪುಬಸಿಗಳ ತಟ್ಟೆ, ಕಂಕುಳಲ್ಲೊಂದು ಜಮಖಾನೆ.

"ನೀ ಏನೂ ಹೇಳಬ್ಯಾಡ ತಮ್ಮಾ, ನನಗ ಎಲ್ಲಾ ತಿಳದದ," ಎಂದಳು. "ಅಫಜಲಪುರದಿಂದ ಹೊಂಟಾರಂತ."

"ಆಯಿ ಇಲ್ಲೀತನಾ ಬರಾಕತ್ತಾಳೇನ್ರಿ?" ಗುರುಪಾದ ಹಿಗ್ಗಿದ. "ಹಂಗಾದ್ರ ಆ ಗುಳಿ ಏನಂತ ಕೇಳಬೌದು!"

"ಅದೇನ್ ಕೇಳ್ತಿ? ಯಾರೋ ಶರಣರು ಭುಜ ಆನಿಸಿದ ಗುರ್ತು ಅದು. ಅದನ್ನೂ ತೋರಸು. ಮನಿಗೆ ತೂಕ ಬರ್ತದ. ಈಗ ತಂಗಿಗೆ ಏಳು ಅನ್ನು, ಛಲೋ ಸೀರಿ... ಇರ್ಲಿ, ನಾನೇ ಹೇಳ್ತೇನಿ."

ಒಳಗೆ ಶಿವಗಂಗಾ ತಲೆಗೆ ಎಣ್ಣೆ ಹಚ್ಚಿಕೊಂಡು, ಹಳೆಯ ನೈಟಿಯಲ್ಲಿ ಕುಳಿತು ಶೇಂಗಾ ತಿನ್ನುತ್ತಿದ್ದಳು. ಬಂದ ವರಗಳನ್ನೆಲ್ಲ ಸ್ವೀಕರಿಸುವವರಿಲ್ಲದ ರಜಿಸ್ಟರ್ಡ್ ಟಪಾಲಿನಂತೆ ವಾಪಸು ಕಳಿಸಿದ ಹುಡುಗಿ ಅವಳು. ಸುಭದ್ರಾಬಾಯಿ ಹಸಿರು ಸೀರೆಯನ್ನು ಹಿಡಿದು ಬಂದದ್ದು ನೋಡಿ, "ಅಣ್ಣಾ, ಮನಿ ಇತಿಹಾಸ ಕೇಳಾಕ ನಾ ಯಾಕ ಸೀರಿ ಉಡಬೇಕು?" ಎಂದಳು.

"ಹಿರ್ಯಾರು ಬರ್ತಾರವ್ವ, ಗೌರವ," ಎಂದ ಗುರುಪಾದ, ಅಳತೆಪಟ್ಟಿ ಹುಡುಕುತ್ತ.

ಇಳಿಹೊತ್ತಿಗೆ ಬಾಗಿಲಿಗೆ ಒಂದು ಕ್ರೂಸರ್ ಬಂದು ನಿಂತಿತು. ಮೊದಲು ಮೀಸೆ ಇಳಿಯಿತು, ಅದರ ಹಿಂದೆ ಶಾಂತಲಿಂಗಪ್ಪ ಇಳಿದ. ಚಾಲಕನ ಸೀಟಿನಿಂದ ಅವನ ಮಗ ಶಿವಪ್ರಕಾಶ ಇಳಿದ. ಇಸ್ತ್ರಿಯ ಅಂಗಿಯೊಳಗೆ ಅವನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಬಿಗಿದುಕೊಂಡಿದ್ದ. ಕೊನೆಗೆ ಸಕ್ಕುಬಾಯಿ. ಗುಬ್ಬಿಯಷ್ಟು ಮುದುಕಿ. ಯಾರ ಕೈಯನ್ನೂ ಹಿಡಿಯದೆ ಇಳಿದು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಯಾರನ್ನೂ ಕೇಳದೆ ಒಳಗೆ ಹೋಗಿಬಿಟ್ಟಳು.

ಉಳಿದವರು ಜಮಖಾನೆಯ ಮೇಲೆ ಕುಳಿತರು. ದೇವಿಂದ್ರಪ್ಪ ಹೋಟೆಲು ಬಿಟ್ಟು ಬಂದು ನಡುವೆ ಕುಳಿತಿದ್ದ. ಸುಸಲಾ ಬಂತು, ಮಿರ್ಚಿಭಜಿ ಬಂತು, ಚಹಾ ಬಂತು. ಗುರುಪಾದ ಪೆನ್ನು ತೆಗೆದು, "ಹೇಳ್ರಿ, ಮೊದ್ಲಿಂದ ಹೇಳ್ರಿ," ಎಂದ.

ಶಾಂತಲಿಂಗಪ್ಪ ಗಂಟಲು ಸರಿಮಾಡಿಕೊಂಡ. "ಮಗಂದು ಬಿ.ಎಸ್ಸಿ. ಅಗ್ರಿ ಆಗ್ಯಾದ. ಭೀಮಾ ದಂಡಿಗೆ ಕಬ್ಬು ಅದ. ಚಟಾ ಏನೂ ಇಲ್ಲ. ಹುಡುಗಿ ಎಲ್ಲೀತನಾ ಕಲ್ತಾಳ್ರಿ?"

"ಯಾವ ಹುಡುಗಿ?" ಎಂದ ಗುರುಪಾದ.

ಶಿವಪ್ರಕಾಶನ ಕೈಯಲ್ಲಿದ್ದ ಮಿರ್ಚಿ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಒಳಗಿನಿಂದ ಹಸಿರು ಸೀರೆಯಲ್ಲಿ ಇಣುಕಿದ ಶಿವಗಂಗಾ ಅಣ್ಣನನ್ನೂ, ಮಿರ್ಚಿಯನ್ನೂ, ಮಿರ್ಚಿ ಹಿಡಿದವನನ್ನೂ ಒಂದೇ ನೋಟದಲ್ಲಿ ಅಳೆದಳು.

"ನೀನೇ ಅಲ್ಲೇನೋ," ದೇವಿಂದ್ರಪ್ಪ ಎಗರಿದ, "ಎಂಥಾ ಮಂದಿ, ಮೂಲ ಯಾ ಊರು ಅಂದಾಂವ? ಸಂಜೀ ಒಳಗ ತೀರ್ಮಾನ ಆಗಬೇಕು, ಕೈ ಮೀರತದ ಅಂದಾಂವ?"

"ಮನಿ ಬಗ್ಗೆ ಕೇಳಿದ್ನಲ್ರಿ ಕಾಕಾ! ಈ ಮನಿ! ಗ್ವಾಡಿ, ಜಂತಿ!"

"ಗ್ವಾಡಿ ಮೂಲ ಯಾರರ ಕೇಳ್ತಾರೇನಲೇ?"

ಶಾಂತಲಿಂಗಪ್ಪನ ಮೀಸೆ ಗಾಳಿಯಿಲ್ಲದೆಯೇ ಅಲುಗತೊಡಗಿತು. "ಗ್ವಾಡಿ ಸಲುವಾಗಿ ನಾ ಮಗನ್ನ ಕ್ಷೌರ ಮಾಡಿಸಿ ಕರಕೊಂಡು ಬಂದೇನೇನ್ರಿ?" ಎಂದು ಏಳಲು ಹೊರಟ. ಸುಭದ್ರಾಬಾಯಿ ತನ್ನ ಕಪ್ಪುಬಸಿಗಳನ್ನು ಸದ್ದಿಲ್ಲದೆ ಹತ್ತಿರ ಎಳೆದುಕೊಂಡಳು.

ಆಗ ಒಳಗಿನಿಂದ ಸಕ್ಕುಬಾಯಿಯ ದನಿ ಬಂತು. "ಎಲ್ಲಾರೂ ಇಲ್ಲಿ ಬರ್ರಿ."

ಅವಳು ಪಾವಟಿಗೆಯ ತಿರುವಿನಲ್ಲಿ ನಿಂತಿದ್ದಳು. ಬಲಗೈ ಆ ಗುಳಿಯೊಳಗಿತ್ತು. ಅಂಗೈ, ಬೆರಳು, ಹೆಬ್ಬೆರಳ ಬುಡದ ಉಬ್ಬು ಎಲ್ಲವೂ ಅಚ್ಚಿನಲ್ಲಿ ಬೆಲ್ಲ ಕೂತಂತೆ ಕೂತಿದ್ದವು. ಅಷ್ಟೊಂದು ಸಲ ಅಳೆದ ಗುರುಪಾದನಿಗೆ ತನ್ನ ಕೈಯನ್ನೇ ಅದರೊಳಗೆ ಇಟ್ಟು ನೋಡಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

"ಇದು ನಮ್ಮವ್ವನ ಕೈ," ಎಂದಳು ಸಕ್ಕುಬಾಯಿ. "ಅಕಿಗಿಂತ ಮೊದ್ಲ ನಮ್ಮಾಯಿದು. ವರ್ಷಾ ಮಳಿಗಿಂತ ಮುಂಚೆ ಮಾಳಗಿ ಸೋರಲಾರದಂಗ ಮ್ಯಾಲ ಸವಳ ಮಣ್ಣು ಹಾಕಬೇಕಲ್ಲ? ತಲಿ ಮ್ಯಾಲ ಬುಟ್ಟಿ, ಒಂದು ಕೈ ಬುಟ್ಟಿಗೆ. ತಿರುವಿನ್ಯಾಗ ತೋಲ ತಪ್ಪತದ. ಇನ್ನೊಂದು ಕೈ ಇಲ್ಲಿ ಊರಬೇಕು. ಊರಿ ಊರಿ ಬಿದ್ದ ಗುಳಿ ಇದು. ಹಬ್ಬಕ್ಕ ಗ್ವಾಡಿ ಎಲ್ಲಾ ಸಾರಸ್ತಿದ್ದಿವಿ, ಇಷ್ಟನ್ನ ಮುಚ್ಚಾಕ ಬಿಡ್ತಿದ್ದಿಲ್ಲ ನಮ್ಮವ್ವ. ಅಕಿ ಇರೂತನಾ ಈ ಮಾಳಗಿ ಒಂದು ಹನಿ ಸೋರಿದ್ದಿಲ್ಲ."

ಶಾಂತಲಿಂಗಪ್ಪನ ಮೀಸೆ ಅಲುಗುವುದನ್ನು ನಿಲ್ಲಿಸಿತು. ವಿಜಯಶ್ರೀ ಎರಡು ಮೆಟ್ಟಿಲು ಹತ್ತಿ, ಮುದುಕಿ ಕೈ ತೆಗೆದ ಮೇಲೆ ತನ್ನ ಕೈಯನ್ನು ಅಲ್ಲಿಟ್ಟಳು. ಅದೂ ಕೂತಿತು. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನಿಮ್ಮಪ್ಪ ಏನ್ ಮಾಡ್ತಿದ್ರು ಆಯಿ?" ಕೇಳಿದಳು.

"ಅಂವಾ? ಕಟ್ಟಿ ಮ್ಯಾಲ ಕುಂತು, ಹೋಗಿ ಬರೋರಿಗೆಲ್ಲಾ 'ನಮ್ಮ ಮನಿ ಎಷ್ಟು ತಂಪದ ನೋಡ್ರಿ' ಅಂತಿದ್ದ."

ಎಲ್ಲರ ಕಣ್ಣೂ ಒಮ್ಮೆಲೇ ಗುರುಪಾದನ ಕಡೆ, ಅಲ್ಲಿಂದ ಗೋಡೆಯ ಮೇಲಿನ ಉಷ್ಣಮಾಪಕದ ಕಡೆ ತಿರುಗಿದವು.

"ಆತು," ಎಂದಳು ವಿಜಯಶ್ರೀ. "ಈ ಮನಿ ಕೆಡವೋದಿಲ್ಲ."

ಗುರುಪಾದನಿಗೆ ಕುಣಿಯುವಷ್ಟು ಸಂತೋಷವಾಯಿತು. "ಗೊತ್ತಿತ್ತು ವಿಜೂ! ನಾ ಹೇಳಿದ್ನಿಲ್ಲ..."

"ಮಾತು ಮುಗದಿಲ್ಲ. ಈ ಮನ್ಯಾಗ ಹೆಣ್ಮಕ್ಕಳ ಪಾಳಿ ಮುಗದದ. ಇನ್ನ ಮ್ಯಾಲ ಬುಟ್ಟಿ ನಿಮ್ದು."

ಸಕ್ಕುಬಾಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಶಾಣ್ಯಾಕಿ! ನಮ್ಮವ್ವಗ ಇದು ಹೊಳೀಲಿಲ್ಲ ನೋಡು." ಅನಂತರ ಶಿವಗಂಗಾಳ ಗಲ್ಲ ಮುಟ್ಟಿದಳು. "ದೊಡ್ಡ ಮಳಿ ಒಂದು ಬೀಳ್ಲಿ, ಮತ್ತ ಬರ್ತೇನಿ. ಮಾಳಗಿ ಸೋರಲಿಲ್ಲಂದ್ರ ಬಂದ ಕೆಲಸದ ಮಾತೂ ಆಡೂಣು."

"ಆಯಿ, ನಿಮ್ಮ ಮನಿ ಮಾಳಗಿಗೆ ಮಣ್ಣು ಯಾರು ಹೊರತಾರ?" ಎಂದಳು ಶಿವಗಂಗಾ, ನೇರವಾಗಿ ಶಿವಪ್ರಕಾಶನನ್ನು ನೋಡುತ್ತ.

"ನಮ್ದು ಸ್ಲ್ಯಾಬ್ ಅದರಿ," ಎಂದ ಅವನು ಮೆಲ್ಲಗೆ. ಆ ದಿನ ಅವನಾಡಿದ ಮೊದಲ ಮಾತು ಅದು. "ಬಿಸಿಲಿಗೆ ಭಾಳ ಕಾಯ್ತದ."

ಶಿವಗಂಗಾ ನಕ್ಕುಬಿಟ್ಟಳು. ಟಪಾಲು ಈ ಸಲ ವಾಪಸಾಗುವ ಲಕ್ಷಣ ಕಾಣಲಿಲ್ಲ.

ಕ್ರೂಸರ್ ಹೋದ ಸ್ವಲ್ಪ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಬಂತು. ಗೌಂಡಿ ಲಾಡ್ಲೆಸಾಬ ಸವಳು ಮಣ್ಣಿನ ರಾಶಿಯನ್ನು ಕಟ್ಟೆಯ ಮುಂದೆ, ಗುರುಪಾದ ದಿನಾ ಕುಳಿತುಕೊಳ್ಳುವ ಜಾಗಕ್ಕೇ ಒರಗುವ ಹಾಗೆ ಸುರುವಿದ. "ವಿಜಯಶ್ರೀ ಬಾಯಾರು ಫೋನ್ ಮಾಡಿದ್ರು ಸರ. ಜೆಸಿಬಿ ಬ್ಯಾಡಂತ, ಮಣ್ಣಂತ. ಆಳು ತರ್ಲ್ಯಾ ಅಂದೆ. ಆಳು ಮನ್ಯಾಗೇ ಅದ ಅಂದ್ರು."

ಪಶ್ಚಿಮಕ್ಕೆ ಮೋಡ ಕಪ್ಪಾಗುತ್ತಿತ್ತು. ದೇವಿಂದ್ರಪ್ಪ, ಸುಭದ್ರಾಬಾಯಿ ಕಟ್ಟೆ ಹಿಡಿದು ಕುಳಿತರು. ಶಿವಗಂಗಾ ಬುಟ್ಟಿ ತುಂಬಿದಳು, ವಿಜಯಶ್ರೀ ತಲೆಗೆ ಸಿಂಬೆ ಇಟ್ಟಳು.

ಗುರುಪಾದ ಒಂದೊಂದೇ ಪಾವಟಿಗೆ ಹತ್ತಿದ. ಗುರುತ್ವ ಕೇಂದ್ರದ ಬಗ್ಗೆ ತಾನು ಮಕ್ಕಳಿಗೆ ಕಲಿಸಿದ್ದೆಲ್ಲ ಕುತ್ತಿಗೆಯ ಮೇಲೆ ನಿಂತು ಪರೀಕ್ಷೆ ಕೇಳುತ್ತಿತ್ತು. ತಿರುವಿನಲ್ಲಿ ಬುಟ್ಟಿ ವಾಲಿತು. ಕೈ ತಾನಾಗಿಯೇ ಗೋಡೆಯತ್ತ ಚಾಚಿತು. ಆದರೆ ಗುಳಿ ಇದ್ದದ್ದು ಅವನ ಎತ್ತರಕ್ಕಲ್ಲ, ಸಕ್ಕುಬಾಯಿಯ ಅವ್ವನ ಎತ್ತರಕ್ಕೆ. ಅದನ್ನು ಹಿಡಿಯಬೇಕಾದರೆ ತಲೆಯ ಮೇಲಿನ ಮಣ್ಣಿನ ಸಮೇತ ಅವನು ಮೊಣಕಾಲು ಬಗ್ಗಿಸಲೇಬೇಕಾಯಿತು.

ಬಗ್ಗಿಸಿದ. ಕೈ ಕೂತಿತು. ಬುಟ್ಟಿ ನಿಂತಿತು.

"ತಮ್ಮಾ, ಮ್ಯಾಲ ಹ್ಯಾಂಗದ?" ಕಟ್ಟೆಯಿಂದ ದೇವಿಂದ್ರಪ್ಪ ಕೂಗಿದ. "ಇಲ್ಲಿ ಭಾಳ ತಂಪದ ನೋಡು!"