ಹನ್ನೊಂದು ರಾಜರ ಕಾಳು ಕಾಯ್ದ ಕಾಕಾ

ನಮ್ಮ ಕಾಕಾ, ಅಂದರೆ ಚಿಕ್ಕಪ್ಪ, ರೋಣದಲ್ಲಿ ಕುಳಿತು ಮೂರು ವರ್ಷ ಒಂದು ರಾಜ್ಯ ಆಳಿದರು. ನೀವು ನಂಬುವುದಿಲ್ಲ, ಗೊತ್ತು. ಅವರ ಹೆಂಡತಿ ಕಾಕೂನೂ ನಂಬಿರಲಿಲ್ಲ.

ರಾಜಧಾನಿ ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದೆ, ಸಲೀಮನ ಇಂಟರ್ನೆಟ್ ಅಂಗಡಿಯ ಮೂರನೆಯ ಕಂಪ್ಯೂಟರಿನಲ್ಲಿ. ದೇಶದೇಶದ ಜನ ಕೂಡಿ ಆಡುವ ಆಟ ಅದು. ಪ್ರತಿಯೊಬ್ಬರಿಗೂ ಒಂದೊಂದು ರಾಜ್ಯ. ಬೆಳೆ ತೆಗೆಯಬೇಕು, ಸೈನ್ಯ ಕಟ್ಟಬೇಕು, ಪಕ್ಕದವನನ್ನು ದೋಚಬೇಕು. ಪೇಟೆಯಲ್ಲಿ ಕಡಲೆ ದಲಾಲಿ ಮಾಡುವ ಕಾಕಾರಿಗೆ ಇದರಲ್ಲಿ ಬೆಳೆಯೊಂದೇ ಹಿಡಿಸಿತು. ಸೈನ್ಯಕ್ಕೆ ಹೋಗಬೇಕಾದ ಚಿನ್ನವನ್ನೆಲ್ಲ ಕೋಟೆಗೋಡೆಗೆ ಸುರಿದು, ಒಳಗೆ ಸಾಲುಸಾಲಾಗಿ ಕಣಜ ಕಟ್ಟಿಸಿದರು. ಒಬ್ಬನೇ ಒಬ್ಬ ಸಿಪಾಯಿ ಇಲ್ಲದ ಚಕ್ರವರ್ತಿ!

ಆಟದ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಕಾಕಾರಿಗೆ ಇಂಗ್ಲಿಷಿನ ಗಂಧವಿಲ್ಲ. ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಾನು ದಿವಾನನಾದೆ. ಸಂಬಳ, ದಿನಕ್ಕೊಂದು ಪ್ಲೇಟ್ ಮಿರ್ಚಿ ಭಜಿ.

ಒಮ್ಮೆ ದೊಡ್ಡ ರಾಜನೊಬ್ಬ ಯುದ್ಧ ಸಾರಿ ಪತ್ರ ಕಳಿಸಿದ. ನಾನು ಓದಿ ಹೇಳಿದೆ. ಕಾಕಾ ಭಜಿ ಮುರಿಯುತ್ತ, "ಎಷ್ಟ ಮಂದಿ ಬರ್ತಾರಂತ ಕೇಳು. ಊಟಕ್ಕ ಹ್ಯಾಂಗ ಮಾಡ್ಯಾರ?" ಎಂದರು. ಹಾಗೆಯೇ ಬರೆದೆ. ಆ ಕಡೆಯಿಂದ ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಅವನ ದಂಡು ಬೇರೆ ದಿಕ್ಕಿಗೆ ಹೋಯಿತು. ಇದರಲ್ಲಿ ಏನೋ ಗುಪ್ತ ತಂತ್ರವಿದೆ ಎಂದು ಹೆದರಿದನೋ ಏನೋ!

ಈ ಸುದ್ದಿ ಹಬ್ಬಿದ ಮೇಲೆ ಹನ್ನೊಂದು ಚಿಕ್ಕಪುಟ್ಟ ರಾಜರು ತಮ್ಮ ಕಾಳನ್ನು ಕಾಕಾರ ಕಣಜದಲ್ಲಿ ತಂದಿಟ್ಟರು. ಸಲೀಮನೂ ಅವರಲ್ಲೊಬ್ಬ. ಉಳಿದವರ ಊರು, ಹೆಸರು, ಮುಖ ಯಾವುದೂ ನಮಗೆ ಗೊತ್ತಿಲ್ಲ. ಆದರೆ ಕಾಕಾ ದಿನವೂ ಕಣಜ ತೆರೆದು ನೋಡುತ್ತಿದ್ದರು. "ಮಂದಿ ನಂಬಿ ಇಟ್ಟದ್ದೋ. ನನ್ನ ಕಾಳು ಹೋದ್ರ ಹೋಗ್ಲಿ, ಅವರದ್ದ ಒಂದು ಹೋಗಬಾರದು." ಆ ಕಾಳು ಬರುವ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ "ನಾಳೆ ಹನ್ನೊಂದು ರಾಜರ ಕಾಳು ಬರತೈತಿ" ಎಂದರಂತೆ. ಪಾಪ, ಕಾಕೂ ಬೆಳಿಗ್ಗೆ ಎದ್ದು ಪಡಸಾಲೆಯ ಸಾಮಾನೆಲ್ಲ ತೆಗೆದು ಚೀಲ ಇಡಲು ಜಾಗ ಮಾಡಿದರು.

ಪಾಸ್‌ವರ್ಡ್ ವಿಷಯದಲ್ಲಂತೂ ಕಾಕಾ ಬಲು ಗಟ್ಟಿ. ಪೇಟೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಸುತ್ತ ನಿಂತವರಿಗೆ ಕಾಣಬಾರದೆಂದು? ಕಾಕಾ ಕೀಬೋರ್ಡಿನ ಮೇಲೂ ಟವೆಲ್ ಹೊದಿಸಿ, ಒಳಗೆ ಕೈ ತೂರಿಸಿ, ತಡವರಿಸಿ ಒತ್ತುತ್ತಿದ್ದರು. ನಾಲ್ಕು ಸಲ ತಪ್ಪಿ ಐದನೆಯ ಸಲ ರಾಜ್ಯದ ಬಾಗಿಲು ತೆರೆಯುತ್ತಿತ್ತು.

"ಸಾವ್ಕಾರ್ರ, ಕೀಬೋರ್ಡಿಗೆ ಥಂಡಿ ಆಗೇತೇನ್ರಿ?" ಎಂದು ಸಲೀಮ ಛೇಡಿಸುತ್ತಿದ್ದ.

"ನಿನ್ನ ಕಣ್ಣ ಚಲೋ ಇಲ್ಲಪಾ. ಆ ಕಡೆ ನೋಡು."

ಇಷ್ಟು ಭದ್ರವಾದ ರಾಜ್ಯಕ್ಕೆ ಒಂದು ಮಧ್ಯಾಹ್ನ ಪತ್ರ ಬಂತು. ಮೇಲೆ ಆಟದ ಕಂಪನಿಯ ಮುದ್ರೆ. ನಿಮ್ಮ ರಾಜ್ಯದ ಬಗ್ಗೆ ದೂರು ಬಂದಿದೆ. ಎರಡು ಗಂಟೆಯೊಳಗೆ ಇಲ್ಲಿ ಒತ್ತಿ, ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಇಲ್ಲವಾದರೆ ಕಣಜಗಳ ಸಮೇತ ಅಳಿಸಲಾಗುವುದು. ನಾನು ಒಂದಕ್ಷರ ಬಿಡದೆ ಅನುವಾದಿಸಿದೆ.

ಕಾಕಾ ನನ್ನ ಮುಖ ನೋಡಿದರು. "ಖರೇ ಏನೋ ಇದು?"

"ಖರೇನ ಕಾಕಾ. ಮುದ್ರಿ ಐತಿ. ಇಂಗ್ಲಿಷ್ ಸುದ್ದಾ ಭಾಳ ಶುದ್ಧ ಐತಿ."

ನೋಡಿ, ಕಳ್ಳನ ವ್ಯಾಕರಣಕ್ಕೆ ನಾನೇ ಅಂಕ ಕೊಟ್ಟೆ! ಇಂದಿಗೂ ಯಾವುದೇ ಪತ್ರದಲ್ಲಿ 'ಇಷ್ಟು ಗಂಟೆಯೊಳಗೆ' ಎಂದು ಕಂಡರೆ ಅದನ್ನು ಮೂರು ಸಲ ಓದುತ್ತೇನೆ. ಆ ಒಂದು ನಿಮಿಷವನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೋ. ಪ್ರತಿ ಸಲವೂ ನಾನು "ಖರೇನ" ಎನ್ನುತ್ತೇನೆ. ಪ್ರತಿ ಸಲವೂ ಕಾಕಾ ಟವೆಲ್ ಹೊದಿಸಿ, ನನಗೂ ಸಲೀಮನಿಗೂ ಮುಖ ತಿರುಗಿಸಲು ಹೇಳಿ, ನಮ್ಮಿಬ್ಬರಿಂದ ಅಷ್ಟು ಜೋಪಾನವಾಗಿ ಮುಚ್ಚಿಟ್ಟ ಪಾಸ್‌ವರ್ಡನ್ನು ನೇರವಾಗಿ ಕಳ್ಳನ ಕೈಗೆ ಹಾಕುತ್ತಾರೆ. ಆವತ್ತೇ ಮೊದಲ ಸಲ ಅವರ ಬೆರಳು ಒಮ್ಮೆಯೂ ತಪ್ಪಲಿಲ್ಲ.

ಮರುದಿನ ರಾಜ್ಯದ ಬಾಗಿಲು ಐದು ಸಲಕ್ಕಲ್ಲ, ಐವತ್ತು ಸಲಕ್ಕೂ ತೆರೆಯಲಿಲ್ಲ. ಸಲೀಮ ತನ್ನ ರಾಜ್ಯದಿಂದ ಇಣುಕಿ ನೋಡಿದ. ಕಾಕಾರ ಕಣಜಗಳು ಬರಿದಾಗಿದ್ದವು. ಹನ್ನೊಂದೂ ಜನರ ಕಾಳು ಯಾವುದೋ ಹೊಸ ರಾಜನ ಊರು ಸೇರಿತ್ತು.

"ಕಂಪನಿಯವ್ರು ಎಂದೂ ಪಾಸ್‌ವರ್ಡ್ ಕೇಳಂಗಿಲ್ರಿ ಸಾವ್ಕಾರ್ರ," ಎಂದ ಸಲೀಮ ಮೆಲ್ಲಗೆ.

ಸಲೀಮ ಕಾಕಾರ ಊರಿನವನೆಂದು ಬಲ್ಲ ಉಳಿದ ರಾಜರ ಪತ್ರಗಳು ಅವನ ರಾಜ್ಯಕ್ಕೆ ಒಂದರ ಮೇಲೊಂದು ಬರತೊಡಗಿದವು. ನಮ್ಮ ಕಾಳು ಎಲ್ಲಿ? ನಿಮ್ಮನ್ನು ನಂಬಿದ್ದೆವಲ್ಲ? ನಾನು ಒಂದೊಂದನ್ನೂ ಓದಿ ಹೇಳಿದೆ. ಕಾಕಾ ಭಜಿಯ ಪ್ಲೇಟನ್ನು ನನ್ನತ್ತ ಸರಿಸಿ, ಎಲ್ಲರಿಗೂ ಸಲೀಮನ ರಾಜ್ಯದಿಂದಲೇ ಉತ್ತರ ಬರೆಯಲು ಹೇಳಿದರು.

"ಬರಿ. ಕಳ್ಳರ ಕಾಗದ ಬಂದಿತ್ತು. ನಾನ ಓದಿದೆ. ಓದೂದ್ರಾಗ ನಾನ ತಪ್ಪಿದೆ."

ನನ್ನ ಕೈ ನಿಂತಿತು. "ಕಾಕಾ, ಓದಿದಾಂವ ನಾನು. ನಿಮಗ ಇಂಗ್ಲಿಷ್ ಬರಂಗಿಲ್ಲಲ್ಲ."

"ಅದು ಅವರಿಗೇನ ಗೊತ್ತು? ನಮ್ಮ ಮನ್ಯಾಗ ಬಿ.ಎ. ಕಲ್ತಾಂವ ನೀ ಒಬ್ಬನ. ನಿನ್ನ ಓದಿಗೆ ಯಾರೂ ತಪ್ಪ ಹಿಡದು ಹೆಸರಿಡಬಾರದು. ಬರಿ."

ಬರೆದೆ. ಅಕ್ಷರಗಳು ಮಂಜಾಗಿ ಮೂರು ಸಲ ಅಳಿಸಿ ಬರೆದೆ. ಕಾಕಾ ಕನ್ನಡಕ ಏರಿಸಿ, ಪರದೆಯತ್ತ ಬಗ್ಗಿ, ತಮಗೆ ಓದಲು ಬಾರದ ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಬೆರಳಾಡಿಸಿದರು.

"ಹೂಂ," ಎಂದರು, "ಬರೋಬರಿ ಐತಿ. ಕಳಸು."