ಕೈಗುಣ ಅವರದು, ಪ್ಯಾಡು ನನ್ನದು

ನಗೆಪಾಟಲಿನ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋದವಳಲ್ಲ. ಅವೇ ಕಾರಿನಲ್ಲಿ ಕೂತು ಕಡೂರಿನ ನಮ್ಮ ಶೆಡ್ಡಿನ ತನಕ ಬಂದು, ಹಾರ್ನ್ ಹೊಡೆದು, "ಮೇಸ್ತ್ರಿ ಇದಾರಾ?" ಅಂತ ಕೇಳುತ್ತವೆ.

ಮೇಸ್ತ್ರಿ ಅಂದರೆ ನಮ್ಮನೆಯವರು. ಹೆದ್ದಾರಿ ಪಕ್ಕ ನಮ್ಮದೊಂದು ಕಾರ್ ಪಾಲಿಶ್ ಶೆಡ್ಡಿದೆ. ಗೀರು ಬಿದ್ದು ಮಂಕಾದ ಪೇಂಟನ್ನು ಮೆಷಿನ್ನಿನಲ್ಲಿ ಉಜ್ಜಿ ಮತ್ತೆ ಕನ್ನಡಿಯ ಹಾಗೆ ಮಾಡಿಕೊಡುವುದು ಕೆಲಸ. ಮೆಷಿನ್ನಿನ ಮೂತಿಗೆ ಸೆಟ್ ದೋಸೆಯಷ್ಟು ಅಗಲದ, ಅದಕ್ಕಿಂತ ದಪ್ಪನೆಯ ಸ್ಪಂಜಿನ ಬಿಲ್ಲೆಯೊಂದನ್ನು ಅಂಟಿಸುತ್ತೇವೆ. ಅದೇ ಪ್ಯಾಡು. ಗಟ್ಟಿ ಪ್ಯಾಡು ಗೀರನ್ನು ಕೆರೆದು ತೆಗೆಯುತ್ತದೆ, ಮೆತ್ತನೆಯದು ಹೊಳಪು ತರುತ್ತದೆ. ಯಾವ ಕಾರಿಗೆ ಯಾವ ಪ್ಯಾಡು ಅಂತ ಸರಿಯಾಗಿ ಆರಿಸಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಉಳಿದ ಕಾಲು ಭಾಗ ಬೆನ್ನುನೋವು.

ಆರಿಸುವುದು, ಉಜ್ಜುವುದು, ಬೆನ್ನುನೋವು, ಮೂರೂ ನನ್ನವು. ಆರು ವರ್ಷದ ಹಿಂದೆ ನಮ್ಮನೆಯವರು ತರೀಕೆರೆ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅದುರುವ ಮೆಷಿನ್ನು ಹಿಡಿಯಬೇಡಿ ಅಂದರು ಡಾಕ್ಟರು. ನಾನು ಬಿಎಸ್ಸಿ ಮಾಡಿದವಳು. ಅವರು ಓದದೆ ಬಿಸಾಡುತ್ತಿದ್ದ ಪ್ಯಾಡಿನ ಪ್ಯಾಕೆಟ್ಟುಗಳನ್ನು ಎತ್ತಿಕೊಂಡು ಅವುಗಳ ಬೆನ್ನಿನ ಮೇಲಿರುವುದನ್ನೆಲ್ಲ ಓದುವ ಚಟ ನನಗೆ ಮೊದಲಿನಿಂದಲೂ ಇತ್ತು. "ಕೈ ಸರಿಯಾಗೋವರ್ಗೂ ನೀನೇ ನೋಡ್ಕೋ" ಅಂದರು. ನೋಡಿಕೊಂಡೆ. ಧೂಳು ಬರದಿರಲಿ ಅಂತ ಶೆಡ್ಡಿಗೆ ಅಡ್ಡಲಾಗಿ ನೀಲಿ ಟಾರ್ಪಾಲು ಇಳಿಬಿಟ್ಟಿದ್ದೆವು. ಟಾರ್ಪಾಲಿನ ಹಿಂದೆ ನಾನು, ಮುಂದೆ ಕುರ್ಚಿಯಲ್ಲಿ ಅವರು. ಕೈ ಅನ್ನ ಕಲಸುವಷ್ಟು ಸರಿಹೋಯಿತು, ಮೆಷಿನ್ನು ಹಿಡಿಯುವಷ್ಟಲ್ಲ. ಏರ್ಪಾಟು ಹಾಗೇ ಉಳಿದುಬಿಟ್ಟಿತು.

ನಾನು ಕೇಳಿದ್ದು ದೊಡ್ಡದೇನಲ್ಲ. "ಒಂದೇ ಒಂದ್ಸಲ, ಒಬ್ರಿಗಾದ್ರೂ, ಇದು ನನ್ ಹೆಂಡ್ತಿ ಮಾಡಿದ್ದು ಅಂತ ಹೇಳ್ರೀ" ಅಂದಿದ್ದೆ.

"ಹೇಳ್ತೀನಿ ಕಣೇ. ಟೈಮ್ ಬರ್ಲಿ" ಅಂದಿದ್ದರು.

ಆ ಟೈಮಿಗೆ ಕಾಯುತ್ತಾ ಕೂತಿದ್ದಾಗ ನಡೆದವು ಇವು.

ಕೈಯಲ್ಲಿ ಏನೋ ಇದೆ

ಅಜ್ಜಂಪುರದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೇ ಬೂದು ಬಣ್ಣದ ಕಾರು ತಂದರು. ಪೇಂಟಿನ ಮೇಲೆಲ್ಲಾ ಜೇಡರ ಬಲೆ ಹರಡಿದ ಹಾಗೆ ಗೀರು. ಇಂಥ ಹಳೇ ಪೇಂಟಿಗೆ ಮೊದಲೇ ಗಟ್ಟಿ ಪ್ಯಾಡು ಹಾಕಿದರೆ ಗೀರಿನ ಜೊತೆ ಪೇಂಟೂ ಹೋಗುತ್ತದೆ. ಒಂದು ಮೂಲೆಯಲ್ಲಿ ಮೆತ್ತನೆಯದರಿಂದ ಶುರುಮಾಡಿ, ಸಾಲದು ಅಂತ ಕಂಡರೆ ಒಂದೊಂದೇ ಮೆಟ್ಟಿಲು ಮೇಲೆ ಹೋಗಬೇಕು. ಎರಡು ದಿನ ಹಿಡಿಯಿತು.

ಮೇಷ್ಟ್ರು ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಗಿಲಿನಲ್ಲಿ ತಮ್ಮ ಮುಖ ಕಂಡು ತಲೆ ಬಾಚಿಕೊಂಡರು. ಆಮೇಲೆ ನಮ್ಮನೆಯವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು. ಅಷ್ಟರಲ್ಲಿ ನಾನು ಟಾರ್ಪಾಲಿನ ಹಿಂದಿನಿಂದ ಬಂದೆ. ತಲೆಗೂದಲು, ಹುಬ್ಬು, ಕತ್ತು, ಎಲ್ಲ ಕಡೆ ಪಾಲಿಶ್ ಮಾಡುವ ಬಿಳಿ ಕಾಂಪೌಂಡು ಸಿಡಿದಿತ್ತು. ಮೇಷ್ಟ್ರು ಕರುಣೆಯಿಂದ ನೋಡಿ, "ರೊಟ್ಟಿ ತಟ್ತಿದ್ರೇನಮ್ಮಾ?" ಅಂದರು. ಇಂಥ ಕೆಲಸಗಾರನಿಗೆ ಹಾಲು ತುಪ್ಪ ಹಾಕಿ ನೋಡಿಕೊಳ್ಳಬೇಕು ಅಂತ ಬುದ್ಧಿಯನ್ನೂ ಹೇಳಿದರು.

ಹೊರಡುವಾಗ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ನೊಂದು ಮಾತು ಅಂದರು. "ಏನೇ ಹೇಳಿ ಮೇಸ್ತ್ರಿ, ಆ ಕೈಯಲ್ಲಿ ಏನೋ ಇದೆ."

ಇದ್ದದ್ದು ನಿಜ. ಒಂದು ಸ್ಟೀಲ್ ಪ್ಲೇಟು, ಆರು ಸ್ಕ್ರೂ.

ಹಳದಿ ಬೇಡ

ಪ್ಯಾಡುಗಳು ಕಿತ್ತಳೆ, ಹಳದಿ, ಬಿಳಿ, ಕಪ್ಪು ಅಂತ ಬಣ್ಣಬಣ್ಣದಲ್ಲಿ ಬರುತ್ತವೆ. ಗಟ್ಟಿ ಯಾವುದು, ಮೆತ್ತನೆಯದು ಯಾವುದು ಅಂತ ಬಣ್ಣ ನೋಡಿದರೆ ತಿಳಿಯಲಿ ಅನ್ನುವುದು ಉದ್ದೇಶ. ಆದರೆ ಕಂಪನಿಗಳು ಪರಸ್ಪರ ಮಾತಾಡಿಕೊಂಡಿಲ್ಲ. ಒಬ್ಬರ ಕಿತ್ತಳೆ ಮಧ್ಯಮವಾದರೆ ಇನ್ನೊಬ್ಬರ ಕಿತ್ತಳೆ ಎಲ್ಲಕ್ಕಿಂತ ಗಟ್ಟಿ. ಅದಕ್ಕೇ ನಾನು ಬಣ್ಣ ನೋಡುವುದಿಲ್ಲ. ಅನ್ನ ಬೆಂದಿದೆಯಾ ಅಂತ ಅಗುಳು ಹಿಸುಕುವ ಹಾಗೆ ಹೆಬ್ಬೆರಳಿನಲ್ಲಿ ಅಮುಕಿ ನೋಡುತ್ತೇನೆ. ನಮ್ಮನೆಯವರಿಗೆ ಮಾತ್ರ ಬಣ್ಣವೇ ಶಾಸ್ತ್ರ. "ಕಿತ್ಲೆ ಅಂದ್ರೆ ಮೀಡಿಯಂ ಕಣೇ. ಇಪ್ಪತ್ ವರ್ಷದ ಸರ್ವಿಸ್ ನಂದು" ಅನ್ನುತ್ತಿದ್ದರು. ಆ ಇಪ್ಪತ್ತರಲ್ಲಿ ನನ್ನ ಆರೂ ಸೇರಿತ್ತು.

ದೇವನೂರು ಕಡೆಯ ಪಂಚಾಯ್ತಿ ಮಾಜಿ ಮೆಂಬರೊಬ್ಬರು ಬಿಳಿ ಕಾರು ಬಿಟ್ಟುಹೋಗಲು ಬಂದಾಗ ನಾನು ಒಂದು ಹಳದಿ ಪ್ಯಾಡು ಹಿಡಿದು ನಿಂತಿದ್ದೆ. ಅವರ ಮುಖ ಕೆಟ್ಟುಹೋಯಿತು. ಅವರ ಎದುರು ನಿಂತು ಗೆದ್ದವನು ಊರಿಗೆಲ್ಲ ಹಂಚಿದ್ದ ಟೀ ಶರ್ಟಿನ ಬಣ್ಣವಂತೆ ಅದು. ತಮ್ಮ ಗಾಡಿಗೆ ಅದು ಸೋಕಬಾರದು, ಬಿಳೀದೇ ಹಾಕಬೇಕು ಅಂತ ಹಟ ಹಿಡಿದರು. "ಬಿಳೀದೇ ಹಾಕ್ತೀವಿ ಬಿಡಿ ಅಣ್ಣಾ" ಅಂತ ನಮ್ಮನೆಯವರು ಕುರ್ಚಿಯಿಂದಲೇ ಮಾತು ಕೊಟ್ಟುಬಿಟ್ಟರು. ನಮ್ಮಲ್ಲಿದ್ದ ಬಿಳೀದು ತೀರಾ ಮೆತ್ತಗೆ, ಅವರ ಕಾರಿನ ಆಳದ ಗೀರುಗಳನ್ನು ಅದರಿಂದ ಮುದ್ದು ಮಾಡಬಹುದಿತ್ತು ಅಷ್ಟೆ. ನಾನು ಟಾರ್ಪಾಲು ಎಳೆದುಕೊಂಡು ಹಳದಿಯನ್ನೇ ಹಾಕಿದೆ.

ಸಂಜೆ ಬಂದವರು ಬಾನೆಟ್ಟಿನ ಮೇಲೆ ಅಂಗೈ ಆಡಿಸಿ ಖುಷಿಯಾದರು. "ನೋಡುದ್ರಾ, ಬಿಳೀದ್ ಹಾಕಿದ್ದಕ್ಕೆ ಈ ಫಿನಿಶಿಂಗ್. ಅದನ್ನೇನಾದ್ರೂ ಹಾಕಿದ್ರೆ ನನ್ ಗಾಡೀನೂ ಡೆಪಾಸಿಟ್ ಕಳ್ಕೊಂಬಿಡ್ತಿತ್ತು."

ಹಳದಿ ಪ್ಯಾಡನ್ನು ತೊಳೆದು ನೆರಳಿಗೆ ಒಣಗಿ ಹಾಕುವಾಗ ಅದರ ಮೇಲೆ ನನಗೆ ಒಡಹುಟ್ಟಿದವಳ ಮೇಲಿರುವಂಥ ಪ್ರೀತಿ ಬಂತು.

ಒಳಗೆ ಕೇಳಿಕೊಂಡು ಬರುವುದು

ಎಮ್ಮೆದೊಡ್ಡಿ ಕಡೆಯ ರೈತರೊಬ್ಬರು ಕೆಂಪು ಕಾರು ತಂದರು. ದನ ಮೇಯುವ ಕಾವಲಿನ ಹತ್ತಿರ ನಿಲ್ಲಿಸಿದ್ದಾಗ ದನ ಬಂದು ಬಾನೆಟ್ಟು ನೆಕ್ಕಿಬಿಟ್ಟಿವೆ ಅಂತ ದೂರು. ಅಮೃತಮಹಲ್ ದನದ ನಾಲಿಗೆ ಅಂದರೆ ಉಪ್ಪುಕಾಗದವೇ. ಬಾನೆಟ್ಟಿನ ಮೇಲೆ ಮಂಕು ಕಲೆ ಇದ್ದದ್ದು ಹೌದು. ಆದರೆ ಬಾಗಿಲಿನ ಮೇಲೂ, ಟಾಪಿನ ಮೇಲೂ ಉದ್ದುದ್ದ ಗೀರು. ದನ ಟಾಪು ಹತ್ತಿದ್ದವಾ ಅಂತ ಕೇಳಿದೆ. ಕಾರು ಹೇಗೆ ತೊಳೆಯುತ್ತೀರಿ ಅಂತಲೂ ಕೇಳಿದೆ.

"ತೆಂಗಿನ ನಾರಲ್ಲಿ ಅಕ್ಕ. ಎತ್ತು ತೊಳೀತೀನಲ್ಲ, ಅದೇ ನಾರು, ಅದೇ ಬಕೀಟು."

ಮೊದಲು ಯಾವುದನ್ನು ತೊಳೆಯುತ್ತೀರಿ ಅಂದೆ.

"ಎತ್ತೇ ಮೊದ್ಲು. ಅದು ಜೀವ ಇರೋದಲ್ವಾ."

ನಾರು, ಅದರಲ್ಲೂ ಎತ್ತಿನ ಮೈಯ ಮಣ್ಣು ಹಿಡಿದ ನಾರು, ಪೇಂಟನ್ನು ಗೀರುತ್ತದೆ, ದನದ್ದೇನೂ ತಪ್ಪಿಲ್ಲ ಅಂತ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ಮೇಸ್ತ್ರೀನ ಒಂದ್ಮಾತು ಕೇಳ್ಕಂಡ್ ಬನ್ನಿ ಅಕ್ಕ" ಅಂದರು.

ಇದು ನನಗೆ ರೂಢಿ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಬಾಯಾರಿಕೆಯಾಗುತ್ತದೆ. ಟಾರ್ಪಾಲಿನ ಹಿಂದೆ ಹೋಗಿ, ಒಂದು ಲೋಟ ನೀರು ಕುಡಿದು, ಇಪ್ಪತ್ತರ ತನಕ ಎಣಿಸಿ ಹೊರಗೆ ಬಂದೆ. "ಕೇಳ್ದೆ. ನಾರು ಗೀರುತ್ತಂತೆ" ಅಂದೆ.

"ಅಂಗಾ. ಅವ್ರು ಏಳುದ್ರೆ ಸರಿ ಬಿಡಿ" ಅಂದರು. ನಮ್ಮನೆಯವರು ಅವತ್ತು ಬೀರೂರಿಗೆ ಮದುವೆ ಊಟಕ್ಕೆ ಹೋಗಿದ್ದರು.

ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತ ಆ ಮನುಷ್ಯ, "ಆದ್ರೂ ಅಕ್ಕ, ಎತ್ತಿಗೇನೂ ಆಗಿಲ್ವಲ್ಲ?" ಅಂದರು.

ಅದನ್ನೂ ಒಳಗೆ ಹೋಗಿ ಕೇಳಿಕೊಂಡು ಬಂದೆ.

ನೋವಿನ ಎಣ್ಣೆ

ನೆಲಕ್ಕೆ ಬಿದ್ದ ಪ್ಯಾಡನ್ನು ಮತ್ತೆ ಕಾರಿಗೆ ಹಾಕಬಾರದು. ಸ್ಪಂಜಿನೊಳಗೆ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಸಾಕು, ಹೊಳಪು ತರಲು ಹೋಗಿ ಬಾನೆಟ್ಟಿನ ತುಂಬ ರಂಗೋಲಿ ಬಿಡಿಸಿದ ಹಾಗಾಗುತ್ತದೆ. ನನ್ನ ಅತ್ತೆಗೆ ಇದನ್ನು ನಂಬಿಸಲು ಆಗಲೇ ಇಲ್ಲ. ನಾನು ಬಿಸಾಡಿದ್ದನ್ನು ಎತ್ತಿ, ಚಪ್ಪಲಿ ಕೊಡವಿದ ಹಾಗೆ ಗೋಡೆಗೆ ಎರಡೇಟು ಬಡಿದು, ಸೆರಗಿನಲ್ಲಿ ಒರೆಸಿ, ವಾಪಸ್ಸು ಶೆಲ್ಫಿನಲ್ಲಿ ಇಡುತ್ತಿದ್ದರು. "ಅನ್ನ ತಿನ್ನೋ ತಟ್ಟೆ ಬಿದ್ರೂ ತೊಳ್ಕೊಂಡು ಉಣ್ತೀವಲ್ಲೇ" ಅನ್ನುವುದು ಅವರ ವಾದ. ಹಾಗಾಗಿ ಪ್ರತಿ ಪ್ಯಾಡನ್ನೂ ಮೊದಲು ನನ್ನ ಕೆನ್ನೆಗೆ ಉಜ್ಜಿಕೊಂಡು, ಚುಚ್ಚದಿದ್ದರೆ ಮಾತ್ರ ಕಾರಿಗೆ ಹಾಕುವುದನ್ನು ಕಲಿತೆ. ನಮ್ಮಲ್ಲಿಗೆ ಬಂದ ಒಂದು ಕಾರಿನ ಮುಖವೂ ಮರಳಿನಿಂದ ಕೆಟ್ಟಿಲ್ಲ. ನನ್ನದರ ವಿಚಾರ ಬೇರೆ.

ಒಂದು ದಿನ ಎರಡು ಕಾರು ಒಟ್ಟಿಗೆ ಮುಗಿಸಿ ಶೆಡ್ಡಿನ ಹಿಂದಿನ ನಮ್ಮ ಮನೆಗೆ ಬಂದೆ. ಭುಜ ಎತ್ತಲು ಆಗುತ್ತಿರಲಿಲ್ಲ. ಅತ್ತೆ ನೋವಿನ ಎಣ್ಣೆ ಬಿಸಿ ಮಾಡಿಕೊಂಡು ಕೂತಿದ್ದರು. ಆರು ವರ್ಷದಿಂದ ಹಿತ್ತಿಲ ಬಾಗಿಲಲ್ಲಿ ನಿಂತು ಎಲ್ಲ ನೋಡಿದವರು, ಇವತ್ತಾದರೂ ಕರುಳು ಚುರ್ ಅಂದಿರಬೇಕು ಅಂದುಕೊಂಡು ಪಕ್ಕದಲ್ಲಿ ಕೂತೆ. ಅತ್ತೆ ಮಗನನ್ನು ಕೂಗಿ ಕರೆದರು. ಅವರ ಮಣಿಕಟ್ಟಿಗೆ ಅರ್ಧ ಗಂಟೆ ನೀವಿದರು. "ದಿನಾ ಎರಡೆರಡು ಕಾರು ಅಂದ್ರೆ ಹುಡುಗಾಟವೇನಪ್ಪಾ" ಅಂತ ಮರುಗಿದರು. ನಮ್ಮನೆಯವರು ಕಣ್ಣು ಮುಚ್ಚಿಕೊಂಡು "ಹೂಂ" ಅಂದರು.

ಉಳಿದ ಎಣ್ಣೆಯನ್ನು ಅತ್ತೆ ನನ್ನ ಕೈಗೇ ಕೊಟ್ಟರು. ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿಯಾಗಿ ಹಾಕು ಅಂದರು.

ಕಣ್ಣ ಮುಂದೆ

ತರೀಕೆರೆಯ ಅಡಿಕೆ ಮಂಡಿ ಸಾಹುಕಾರರು ಹೊಸದಾಗಿ ಕಪ್ಪು ಕಾರು ಕೊಂಡಿದ್ದರು. ಕಪ್ಪು ಪೇಂಟು ಚಾಡಿಕೋರ, ಒಂದು ಬೆರಳು ಆಡಿಸಿದ್ದನ್ನೂ ಊರಿಗೆಲ್ಲ ಹೇಳುತ್ತದೆ. ಸಾಹುಕಾರರು ಬೀಗರ ಮನೆಗೆ ಹೋಗಬೇಕಿತ್ತು, ಕಾರಿನ ಮೇಲೆ ಒಂದೆರಡು ಸಣ್ಣ ಗೀರಿದ್ದವು. ನಾನು ತೊಳೆದು, ಬೆಳಕು ಬಿಟ್ಟು ನೋಡಿ, ಮೆತ್ತನೆಯ ಕಪ್ಪು ಪ್ಯಾಡೊಂದೇ ಸಾಕು ಅಂತ ತೀರ್ಮಾನಿಸಿ ತೆಗೆದಿಟ್ಟಿದ್ದೆ.

ಆದರೆ ಸಾಹುಕಾರರು ಕಾರು ಬಿಟ್ಟುಹೋಗಲಿಲ್ಲ. ಟಾರ್ಪಾಲನ್ನು ತಾವೇ ಸರಿಸಿ, ಕುರ್ಚಿಯನ್ನು ಒಳಗೆ ಎಳೆದುಕೊಂಡು ಕೂತರು. "ನಿಮ್ ಕೈಗುಣ ಕೇಳಿದೀನಿ ಮೇಸ್ತ್ರಿ. ಇವತ್ತು ನನ್ ಕಣ್ಮುಂದೆ ಆಗ್ಬೇಕು."

ಇದಕ್ಕಿಂತ ಒಳ್ಳೆಯ ಟೈಮು ಯಾವುದು ಅಂತ ನಾನು ನಮ್ಮನೆಯವರ ಮುಖ ನೋಡಿದೆ. ಅವರು ಗೋಡೆ ನೋಡಿದರು. ಆಮೇಲೆ ಎದ್ದು ತೋಳು ಮಡಚಿದರು.

ಹಿಂದಿನ ವಾರವಷ್ಟೇ ಬೇರೆ ಕಂಪನಿಯ ಪ್ಯಾಡಿನ ಡಬ್ಬ ಬಂದಿತ್ತು. ಅದರಲ್ಲಿ ಕಿತ್ತಳೆಯೇ ಎಲ್ಲಕ್ಕಿಂತ ಗಟ್ಟಿ. ಬಂದ ದಿನವೇ ಅವರಿಗೆ ಹೇಳಿದ್ದೆ. ಪ್ರತಿಯೊಂದರ ಹಿಂದೆ ಮಾರ್ಕರಿನಲ್ಲಿ 'ಗಟ್ಟಿ' ಅಂತ ಬರೆದೂ ಇಟ್ಟಿದ್ದೆ. ಓದುವವರು ಬೇಕಲ್ಲ. ಅವರು ನಾನು ತೆಗೆದಿಟ್ಟ ಕಪ್ಪು ಪ್ಯಾಡನ್ನು ಪಕ್ಕಕ್ಕೆ ಸರಿಸಿ, ಶೆಲ್ಫಿನಿಂದ ಕಿತ್ತಳೆಯನ್ನು ಎತ್ತಿಕೊಂಡರು.

"ರೀ, ಅದಲ್ಲ. ಅದು ಗಟ್ಟೀದು" ಅಂದೆ.

ನಮ್ಮನೆಯವರ ಕಿವಿ ಕೆಂಪಾಯಿತು, ತಿರುಗಲಿಲ್ಲ. ಸಾಹುಕಾರರೇ ತಿರುಗಿದರು. "ಅವ್ರ್ ಕೆಲ್ಸ ಅವ್ರಿಗೆ ಬಿಡಿ ಅಮ್ಮಾವ್ರೇ. ಒಂದ್ ಲೋಟ ಕಾಫಿ ಆಗುತ್ತಾ ನೋಡಿ" ಅಂದರು, ಬಹಳ ಮರ್ಯಾದೆಯಿಂದ.

ಬಿಎಸ್ಸಿ ಓದಿದವಳು ಕಾಫಿ ಮಾಡಲು ಹೋದೆ. ಹಾಲು ಉಕ್ಕುವ ಹೊತ್ತಿಗೆ ಶೆಡ್ಡಿನ ಕಡೆಯಿಂದ ಸುಟ್ಟ ವಾಸನೆ ಬಂತು. ಹಾಲು ಒಲೆಯ ಮೇಲಿತ್ತು, ವಾಸನೆ ಹಾಲಿನದಾಗಿರಲಿಲ್ಲ.

ಓಡಿ ಬಂದೆ. ಸಾಹುಕಾರರು ಫೋನ್ ಬಂದು ರಸ್ತೆ ಕಡೆ ಹೋಗಿ ಮಾತಾಡುತ್ತಾ ನಿಂತಿದ್ದರು. ಬಾನೆಟ್ಟಿನ ಏಣಿನ ಮೇಲೆ, ಪೇಂಟು ತೆಳ್ಳಗಿರುವ ಜಾಗದಲ್ಲೇ, ಕಿರುಬೆರಳುದ್ದ ಕಪ್ಪು ಹೋಗಿ ಒಳಗಿನ ಬೂದು ಬಣ್ಣ ಕಾಣುತ್ತಿತ್ತು. ನಮ್ಮನೆಯವರ ಮಣಿಕಟ್ಟು ಸೋತಿತ್ತು. ಮೆಷಿನ್ನನ್ನು ಇಡಲೂ ಆಗದೆ ಹಿಡಿಯಲೂ ಆಗದೆ ನಿಂತಿದ್ದರು. ಬೀಳಿಸಿಬಿಟ್ಟಾರು ಅಂತ ನಾನೇ ಅದನ್ನು ಅವರ ಕೈಯಿಂದ ತೆಗೆದುಕೊಂಡೆ. ಆ ಕಿತ್ತಳೆ ಪ್ಯಾಡನ್ನು ಕಿತ್ತು ಹಾಕೋಣ ಅಂತ ಬಗ್ಗಿದೆ.

ಸಾಹುಕಾರರು ಒಳಗೆ ಬಂದದ್ದು ಸರಿಯಾಗಿ ಆಗಲೇ. ಬಾನೆಟ್ಟು ನೋಡಿದರು. ನನ್ನ ಕೈಯಲ್ಲಿದ್ದ ಮೆಷಿನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ, ಎಲ್ಲ ಅರ್ಥವಾದವರ ಸಮಾಧಾನ ಹೆಚ್ಚಾಗಿತ್ತು.

"ಇದು ನಿಮ್ ಕೈಕೆಲ್ಸ ಅಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ ಮೇಸ್ತ್ರಿ. ನಿಜ ಹೇಳಿ. ನಾನು ಆಚೆ ಹೋದಾಗ ಅಮ್ಮಾವ್ರ ಕೈಗೆ ಕೊಟ್ರಿ ತಾನೇ?"

ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಅದರ ಹಿಂದೆ ಇನ್ನೊಂದು ಹೋಯಿತು. ನಮ್ಮನೆಯವರು ಬಾನೆಟ್ಟು ನೋಡಿದರು, ಸಾಹುಕಾರರನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಹೌದು ಅಣ್ಣಾ" ಅಂದರು. "ಇದು ನನ್ ಹೆಂಡ್ತಿ ಮಾಡಿದ್ದು."

ಅಂತೂ ಟೈಮ್ ಬಂತು.