ಗವಿಸಿದ್ದಪ್ಪನ ಸೀಟಿಸಂಹಾರ

ಯಾವ ಯುಗದಲ್ಲಿ ಗುಡ್ಡದ ನೆತ್ತಿಗಳನ್ನೆಲ್ಲ ಗಾಳಿಯಂತ್ರಗಳು ಆಕ್ರಮಿಸಿ ಮೂರು ಮೂರು ಬಿಳಿಯ ತೋಳುಗಳನ್ನು ಬೀಸುತ್ತ ನಿಂತಿದ್ದವೋ, ಯಾವ ಯುಗದಲ್ಲಿ ಸಕಲ ಮಾನವರೂ ಅಂಗೈಯಗಲದ ಗಾಜನ್ನು ನೋಡುತ್ತಲೇ ಉಂಡು, ನೋಡುತ್ತಲೇ ಮಲಗಿ, ಎದುರಿಗೆ ಕೂತವರ ಮುಖವನ್ನು ಮರೆತಿದ್ದರೋ, ಅಂಥ ಘೋರ ಕಲಿಯುಗದ ಒಂದು ಕಾರ್ತಿಕ ಮಾಸದಲ್ಲಿ ಕೊಪ್ಪಳದಿಂದ ಕುಕನೂರಿಗೆ ಹೋಗುವ ರಾಜಮಾರ್ಗದ ಮೇಲೆ ಸಂಭವಿಸಿದ ಮಹಾಸಮರವನ್ನು ವರ್ಣಿಸಲು ಹೊರಟಿದ್ದೇನೆ. ತಾಯಿ ವಾಗ್ದೇವಿಯೇ, ಸ್ವಲ್ಪ ಹೊತ್ತು ನನ್ನ ನಾಲಗೆಯ ಮೇಲೆ ಕೂತಿರು. ನಾಯಕನು ಪಾತ್ರೆ ಮಾರುವವನೆಂದು ಮೂಗು ಮುರಿಯಬೇಡ. ನಿನ್ನ ಹಳೆಯ ಚಕ್ರವರ್ತಿಗಳೂ ನೆಲದ ಮೇಲೆ ಬಡಿಸಿಕೊಂಡು ಉಂಡವರಲ್ಲ.

ಸ್ಟೀಲ್‌ಪಾತ್ರಾಕುಲಸಾರ್ವಭೌಮ, ಸಕಲಸಂತೆವಿಖ್ಯಾತ, ಚೌಕಾಸಿಸಂಗ್ರಾಮಧೀರ, ಕ್ಲಚ್ಚುಬ್ರೇಕುಗಳೆಂಬ ಪಾದಾಯುಧಗಳಲ್ಲಿ ಅದ್ವಿತೀಯನಾದ ಗವಿಸಿದ್ದಪ್ಪನೇ ಆ ನಾಯಕ. ಕೊಡ, ಪರಾತ, ಕುಕ್ಕರು, ತಂಬಿಗೆಗಳನ್ನು ಬೆನ್ನ ಮೇಲೆ ಹೊತ್ತು ಊರೂರ ಸಂತೆಗೆ ಧಾವಿಸುವ ಬಿಳಿಯ ಪಿಕಪ್ಪೇ ಅವನ ರಥ. ಆ ರಥದ ಎಡಗಡೆಯ ಸೀಟನ್ನು ಮದುವೆಯಾದಾಗಿನಿಂದ ಅಲಂಕರಿಸಿದವಳು ಅವನ ಹೆಂಡತಿ, ತಂಬಿಗೆಯನ್ನು ಒಮ್ಮೆ ಬೆರಳಿನಿಂದ ಬಾರಿಸಿ ಅದರ ಜಾತಕವನ್ನೇ ಹೇಳಬಲ್ಲ, ಗಿರಾಕಿಯ ಕಣ್ಣನ್ನು ನೋಡಿಯೇ ಅವನ ಜೇಬನ್ನು ಅರಿಯಬಲ್ಲ ಗುರುಬಸವ್ವ. ಅಂಗಡಿ ಅವಳಿಂದ ನಡೆಯುತ್ತಿತ್ತು, ಗಾಡಿ ಅವನಿಂದ.

ಇವರ ಮನೆಯಲ್ಲಿ ಅಣ್ಣತಮ್ಮಂದಿರು, ನೆಗೆಣ್ಣಿಯರು, ಅತ್ತೆ, ಮಕ್ಕಳುಮರಿ ಎಲ್ಲರೂ ಸೇರಿ ಒಂದು ಸೈನ್ಯವೇ ಇತ್ತು. ಅಲ್ಲಿ ಗಂಡಹೆಂಡಿರು ಒಂದು ಮಾತನ್ನು ಗುಟ್ಟಾಗಿ ಆಡಿದರೆ ಅದು ಹಿತ್ತಿಲು ಮುಟ್ಟುವಷ್ಟರಲ್ಲಿ ಮೂರು ಮಾತಾಗಿರುತ್ತಿತ್ತು. ಹೀಗಾಗಿ ಪಿಕಪ್ಪಿನ ಕ್ಯಾಬಿನ್ನೇ ಅವರ ಅಂತಃಪುರ. ಬೆಳಗಿನ ಹೊತ್ತು ಸಂತೆಯ ದಾರಿಯಲ್ಲಿ ಗವಿಸಿದ್ದಪ್ಪ ತನ್ನ ಮನಸ್ಸನ್ನೆಲ್ಲ ಬಿಚ್ಚುತ್ತಿದ್ದ. ತಮ್ಮನ ಮೇಲಿನ ಸಿಟ್ಟು, ಮಂಡಿನೋವು, ಒಂದು ದಿನ ಪೇಟೆಯಲ್ಲಿ ಸ್ವಂತ ಮಳಿಗೆ ಹಾಕುವ ಕನಸು, ಎಲ್ಲವೂ ಅಲ್ಲೇ ಹೊರಗೆ ಬರುತ್ತಿದ್ದವು. ಗುರುಬಸವ್ವ ಹೂಂ ಎನ್ನುತ್ತಿದ್ದಳು. ಆ ಒಂದು ತಾಸಿನ ದಾರಿ ಅವನಿಗೆ ಲೋಕದ ಯಾವ ಸುಖಕ್ಕಿಂತಲೂ ದೊಡ್ಡದಾಗಿತ್ತು.

ಆಗ ಹುಟ್ಟಿದ ಆ ಖಳ. ರೂಪವಿಲ್ಲದವನು, ನೆರಳಿಲ್ಲದವನು, ರಥವು ನಿಧಾನವಾಗಿ ಚಲಿಸಿದರೆ ಸತ್ತಂತೆ ಬಿದ್ದಿದ್ದು, ವೇಗದ ಮುಳ್ಳು ಐವತ್ತನ್ನು ದಾಟಿತೋ ಇಲ್ಲವೋ ಎದ್ದು ಕೂತು ಊಳಿಡುವವನು. ಮೊದಲು ಸಣ್ಣಗೆ ಗುನುಗಿದ. ಅರವತ್ತಕ್ಕೆ ಗಂಟಲು ತೆರೆದ. ಬಯಲಿನ ಗಾಳಿ ಎದುರಾಯಿತೆಂದರೆ ಕುದಿಯುವ ಕುಕ್ಕರಿನಂತೆ ಸೀಟಿ ಹಾಕಿ, ಕ್ಯಾಬಿನ್ನಿನ ಒಳಗೆ ಒಂದು ಮಾತೂ ಬದುಕದಂತೆ ಮಾಡಿದ. ಗವಿಸಿದ್ದಪ್ಪ ಮಳಿಗೆಯ ಕನಸನ್ನು ಕೂಗಿ ಕೂಗಿ ಹೇಳಿದ. ಕೂಗಿ ಹೇಳಿದ ಕನಸು ಜಗಳದಂತೆ ಕೇಳಿಸುತ್ತದೆ. ಕೆಲವು ಸಂತೆಗಳನ್ನು ಹಾಗೆಯೇ ಸಹಿಸಿದ ಗುರುಬಸವ್ವ ಒಂದು ದಿನ ಕುಕನೂರಿನಲ್ಲಿ ಇಳಿದವಳೇ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಷ್ಟದಿಕ್ಪಾಲಕರ ಮತ್ತು ಪಕ್ಕದ ಬಳೆಗಾರರ ಸಮಕ್ಷಮದಲ್ಲಿ ಭೀಷಣ ಪ್ರತಿಜ್ಞೆಯನ್ನು ಮಾಡಿದಳು.

"ಈ ಸೀಟಿ ನಿಲ್ಲೂ ತನಾ ನಾ ಈ ಗಾಡಿ ಹತ್ತಂಗಿಲ್ರಿ. ತಲಿ ಸಿಡದ ಹೋಗಾಕತ್ತೈತಿ. ನಾ ಬಸ್ಸಿಗೆ ಬರ್ತೀನಿ, ನೀವು ಬಾಂಡೆ ಸಾಮಾನ ತಗೊಂಡ ಬರ್ರಿ."

ಮುಂದಿನ ಸಂತೆಯಿಂದ ಅವಳು ಬಸ್ಸಿನಲ್ಲಿ ಹೋದಳು. ಅವಳ ಸೀಟಿನ ಮೇಲೆ ಗವಿಸಿದ್ದಪ್ಪ ಒಂದು ದೊಡ್ಡ ಪರಾತವನ್ನು ಇಟ್ಟುಕೊಂಡ. ಖಾಲಿ ಸೀಟನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ. ತಾನು ಮುಂದೆ, ಹಿಂದೆ ಬಸ್ಸಿನ ಕಿಟಕಿಯಲ್ಲಿ ಹೆಂಡತಿ, ನಡುವೆ ಧೂಳು. ನನ್ನ ಮಾತು ಅವಳಿಗೆ ಕೇಳಿಸುತ್ತಿಲ್ಲ, ಅದಕ್ಕೇ ಅವಳು ಇಳಿದು ಹೋದಳು ಎಂದು ವೀರನು ತನ್ನೊಳಗೇ ತರ್ಕಿಸಿದನು. ಗಂಡಸಿನ ತರ್ಕ ಸಾಮಾನ್ಯವಾಗಿ ಅವನ ಬಾಯಿಯ ಸುತ್ತಲೇ ತಿರುಗುತ್ತದೆ. ಅವನಿಗೆ ದುಃಖವಾಗಿದ್ದಂತೂ ನಿಜ.

ಅವನು ನೇರವಾಗಿ ಹೋದದ್ದು ಖಾಜಾಹುಸೇನನ ಬಳಿಗೆ. ಬಸ್‌ಸ್ಟ್ಯಾಂಡಿನ ಹಿಂದೆ ಗಾಡಿಗಳ ಬಾಗಿಲರಬ್ಬರು, ಸೀಟ್‌ಕವರು, ಅಂಟುಪಟ್ಟಿಗಳನ್ನು ಮಾರುವ ರಬ್ಬರಶಸ್ತ್ರಾಗಾರಾಧಿಪತಿ ಅವನು, ಗವಿಸಿದ್ದಪ್ಪನ ಜೊತೆ ಶಾಲೆ ಬಿಟ್ಟವನು. ಆ ಶಸ್ತ್ರಾಗಾರದ ಕಟ್ಟೆಯ ಮೇಲೆ ಎಡಗಾಲನ್ನಿಟ್ಟು ನಮ್ಮ ನಾಯಕನು ಗರ್ಜಿಸಿದನು: "ಎಲೆ ಅಗೋಚರ ಅಧಮನೇ, ದಂಪತಿಸಲ್ಲಾಪಕಂಟಕನೇ, ನೀನು ಬಾಗಿಲ ಸಂದಿಯಲ್ಲಿ ಅಡಗಿದ್ದರೂ, ಕನ್ನಡಿಯ ಕತ್ತಿನಲ್ಲಿ ಕೂತಿದ್ದರೂ, ಹಿಡಿದೆಳೆದು ಕೊಲ್ಲದೆ ಬಿಟ್ಟರೆ ನಾನು ಸ್ಟೇರಿಂಗು ಮುಟ್ಟಿದ ಮಗನೇ ಅಲ್ಲ." ಹೀಗೆ ಗರ್ಜಿಸಬೇಕೆಂದಿದ್ದನು. ಬಾಯಿಂದ ಬಂದದ್ದು ಇಷ್ಟು: "ಸೀಟಿ ಬರಾಕತ್ತೈತಿ ಖಾಜಾ. ಮನ್ಯಾಕಿ ಬಸ್ಸಿಗೆ ಹೊಂಟಾಳ. ಏನರ ಮಾಡಬೇಕಲ್ಲ."

ಖಾಜಾ ಗಂಭೀರನಾದ. ಬಸ್ಸಿನ ಮಾತು ಅವನಿಗೂ ನಾಟಿತು. ಮೊದಲನೆಯ ದಂಡಯಾತ್ರೆ ಬಾಗಿಲುಗಳ ಮೇಲೆ. ಹಳೆಯ ಮದುವೆಯ ಕರೆಯೋಲೆಯೊಂದನ್ನು ಹರಿದು, ಅದರ ಚೂರನ್ನು ಬಾಗಿಲಿನ ರಬ್ಬರಿಗೆ ಸಿಕ್ಕಿಸಿ, ಬಾಗಿಲು ಮುಚ್ಚಿ, ಚೂರನ್ನು ಎಳೆದು ನೋಡಿದರು. ಬಿಗಿಯಾಗಿ ಬಂದರೆ ರಬ್ಬರು ಗಟ್ಟಿ, ಸಲೀಸಾಗಿ ಜಾರಿದರೆ ಅಲ್ಲಿ ಗಾಳಿಗೆ ಹೆದ್ದಾರಿ. ಎಡಬಾಗಿಲ ಮೇಲ್ಮೂಲೆಯಲ್ಲಿ ವರನ ಹೆಸರು ಸಲೀಸಾಗಿ ಹೊರಗೆ ಬಂದಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಶತ್ರು ಸಿಕ್ಕನೆಂದು ಹಿಗ್ಗಿ, ಹೊಸ ರಬ್ಬರನ್ನು ಸುತ್ತಲೂ ಬಡಿದು ಕೂರಿಸಿದರು. ರಥವು ಬೈಪಾಸಿಗೆ ನುಗ್ಗಿತು. ಐವತ್ತಕ್ಕೆ ಖಳನು ಗುನುಗಿದ, ಅರವತ್ತಕ್ಕೆ ಹಾಡಿದ. ರಬ್ಬರು ಹೊಸದಾದದ್ದಕ್ಕೆ ಅವನಿಗೆ ಖುಷಿಯಾದಂತಿತ್ತು.

ಎರಡನೆಯ ದಂಡಯಾತ್ರೆಗೆ ಖಾಜಾ ತನ್ನ ಬ್ರಹ್ಮಾಸ್ತ್ರವನ್ನೇ ಹೊರತೆಗೆದ. ಬಣ್ಣ ಹೊಡೆಯುವವರು ಬಳಸುವ ಅಂಟುಪಟ್ಟಿ. ಗಾಳಿ ನುಗ್ಗಬಹುದಾದ ಪ್ರತಿಯೊಂದು ಸಂದಿಯನ್ನೂ ಹೊರಗಿನಿಂದ ಅಂಟಿಸಿ ಮುಚ್ಚುವುದು, ಗಾಡಿ ಓಡಿಸುವುದು, ಸೀಟಿ ನಿಂತರೆ ಒಂದೊಂದೇ ಪಟ್ಟಿಯನ್ನು ಕಿತ್ತು, ಯಾವುದನ್ನು ಕಿತ್ತಾಗ ಅದು ಮರಳುತ್ತದೋ ಅಲ್ಲಿಯೇ ಅವನ ಮನೆ ಎಂದು ತಿಳಿಯುವುದು. ಯುದ್ಧನೀತಿ ನಿರ್ದೋಷವಾಗಿತ್ತು. ಗವಿಸಿದ್ದಪ್ಪ ಒಳಗೆ ಕೂತ. ಖಾಜಾ ಗಾಜಿನ ಅಂಚು, ಕನ್ನಡಿಯ ಬುಡ, ಎಡಬಾಗಿಲು, ಬಲಬಾಗಿಲು ಎಲ್ಲವನ್ನೂ ಹೊರಗಿನಿಂದ ಮುಚ್ಚಿ ಮುಗಿಸಿದ ಮೇಲೆ, ತಾನು ಒಳಗೆ ಹೋಗಲು ದಾರಿ ಉಳಿದಿಲ್ಲವೆಂಬುದನ್ನು ಕಂಡುಕೊಂಡ. ತಲೆ ಕೆರೆದುಕೊಂಡು ಹಿಂದೆ ಹತ್ತಿ, ಪಾತ್ರೆಗಳ ಜಾಗದಲ್ಲಿ ತಾನು ನಿಂತ.

ಹೊರಟಿತು ಬೈಪಾಸಿನ ಮೇಲೆ ಆ ಬಿಗಿಬಂದೋಬಸ್ತಿನ ರಥ. ಒಳಗೆ ಮಹಾವೀರನು ಬೆವರುತ್ತಿದ್ದಾನೆ. ಅವನ ಪಾಲಿಗೆ ಸಮಸ್ತ ಭೂಮಂಡಲದ ಗಾಳಿಯೂ ಹೊರಗುಳಿದಿದೆ. ಐವತ್ತು. ಗುನುಗು. ಅರವತ್ತು. ಸೀಟಿ. ಎಲ್ಲ ಬಾಯಿಗಳನ್ನು ಮುಚ್ಚಿದರೂ ಯಾರು ಹಾಡುತ್ತಿದ್ದಾರೆ ಎಂದು ಅವನು ಒಂದೊಂದೇ ಸಂದಿಯತ್ತ ಕತ್ತು ತಿರುಗಿಸಿದ. ಅಷ್ಟರಲ್ಲಿ ಅದು ಥಟ್ಟನೆ ನಿಂತಿತು. ನಿಂತ ಬೆನ್ನಿಗೇ ತಲೆಯ ಮೇಲೆ ಧಡಧಡ ಧಡಧಡ ಎಂದು ಭೇರಿ ಮೊಳಗಿತು. ಗವಿಸಿದ್ದಪ್ಪ ಸ್ಟೇರಿಂಗಿನ ಮೇಲೆ ಹಣೆ ಇಡುವುದೊಂದು ಬಾಕಿ. ಸೀಟಿ ಹೋಗಿ ತಮಟೆ ಬಂತು, ಇನ್ನು ಅವಳು ಬಸ್ಸಿಗೂ ಬರುವುದಿಲ್ಲ, ತವರಿಗೇ ಹೋಗುತ್ತಾಳೆ ಎಂದುಕೊಂಡ. ತಮಟೆ ಬಾರಿಸುತ್ತಿದ್ದವನು ಖಾಜಾ ಎಂಬುದು ಅವನಿಗೆ ಹೊಳೆಯಲು ಅರ್ಧ ಮೈಲಿ ಹಿಡಿಯಿತು.

ಗಾಡಿ ನಿಂತಿತು. ಖಾಜಾ ಇಳಿದು ಪಟ್ಟಿಗಳನ್ನು ಕಿತ್ತು ವೀರನನ್ನು ಬಂಧಮುಕ್ತಗೊಳಿಸಿ, ಕ್ಯಾಬಿನ್ನಿನ ನೆತ್ತಿಯನ್ನು ತೋರಿಸಿದ. ಅಲ್ಲಿ ಸಾಮಾನು ಕಟ್ಟುವ ಕಬ್ಬಿಣದ ಕ್ಯಾರಿಯರಿನ ಒಂದು ಕಂಬಿಯಿಂದ ಇನ್ನೊಂದು ಕಂಬಿಗೆ ನೈಲಾನ್ ದಾರವೊಂದು ತಂತಿಯಂತೆ ಬಿಗಿದು ನಿಂತಿತ್ತು. ಓಡುವ ಗಾಡಿಯಲ್ಲಿ ಖಾಜಾ ಅದಕ್ಕೆ ಕೈ ಒತ್ತಿದಾಗ ಹಾಡು ನಿಂತಿತ್ತು, ಬಿಟ್ಟಾಗ ಮತ್ತೆ ಎದ್ದಿತ್ತು.

ಅದು ಆಯುಧಪೂಜೆಯ ಚೆಂಡುಹೂವಿನ ಹಾರದ ದಾರ. ಪೂಜೆಗೆ ಕಟ್ಟಿದ ಹಾರವನ್ನು ಗವಿಸಿದ್ದಪ್ಪನ ಮನೆತನದಲ್ಲಿ ಯಾರೂ ಕೀಳುವುದಿಲ್ಲ. ಅದು ಒಣಗಿ ತಾನಾಗಿ ಬಿದ್ದು ಹೋಗಬೇಕು. ಹೂವುಗಳು ಧರ್ಮವನ್ನರಿತು ದಾರಿಯುದ್ದಕ್ಕೂ ಬಿದ್ದು ಹೋಗಿದ್ದವು. ನೈಲಾನಿಗೆ ಬೀಳುವ ಧರ್ಮ ಗೊತ್ತಿರಲಿಲ್ಲ.

ಖಾಜಾ ಕೇಳಿದ: "ಹೂವ ಉದುರಿದ ಮ್ಯಾಲ ದಾರ ಜೋತು ಬೀಳತೈತಿ. ಇದನ್ನ ಇಷ್ಟ ಬಿಗದು ಕಟ್ಟಿದಾಂವ ಯಾರು?"

ಗವಿಸಿದ್ದಪ್ಪ ಬೈಪಾಸಿನ ಆಚೆ ತಿರುಗುತ್ತಿದ್ದ ಗಾಳಿಯಂತ್ರಗಳತ್ತ ಮುಖ ತಿರುಗಿಸಿದ. "ನಾನ," ಅಂದ. "ದೇವರ ದಾರ, ಜೋತಾಡಿದ್ರ ಚಂದ ಕಾಣಂಗಿಲ್ಲಂತ."

ಖಾಜಾ ಜೇಬಿನಿಂದ ಬ್ಲೇಡು ತೆಗೆದವನು ಮತ್ತೆ ಒಳಗಿಟ್ಟುಕೊಂಡ. ಪೂಜೆಯ ದಾರವನ್ನು ತಾನು ಕೊಯ್ಯುವುದು ಸರಿಯಲ್ಲ, ಕಟ್ಟಿದವನೇ ಬಿಚ್ಚಲಿ ಎಂಬುದು ಅವನ ಅಭಿಪ್ರಾಯವಾಗಿತ್ತು. ಪೂಜೆಯ ವಸ್ತುವಿಗೆ ಬ್ಲೇಡು ತಾಗಿಸಬಾರದೆಂಬುದು ಗವಿಸಿದ್ದಪ್ಪನದು. ಆಗ ನಡೆಯಿತು ನೋಡಿ ಗ್ರಂಥಿಭೇದನವೆಂಬ ಅಂತಿಮ ಕಾಳಗ. ನಖಾಯುಧಗಳು ಸೋತವು, ಯಾಕೆಂದರೆ ಭಕ್ತಿಯಿಂದ ಹಾಕಿದ ಗಂಟು ಬಹಳ ಭದ್ರವಾಗಿರುತ್ತದೆ. ಕೊನೆಗೆ ಸ್ಟೀಲ್‌ಪಾತ್ರಾಕುಲಸಾರ್ವಭೌಮನು ಕ್ಯಾಬಿನ್ನಿನ ನೆತ್ತಿಗೆ ಹತ್ತಿ ಮಂಡಿಯೂರಿ, ಮನಸ್ಸಿನಲ್ಲಿ ಕ್ಷಮೆ ಬೇಡಿ, ದಾರವನ್ನು ದವಡೆಯ ಹಲ್ಲಿನ ನಡುವೆ ಹಿಡಿದು ಕಚ್ಚಿದನು. ಟಪ್ಪೆಂದು ಹರಿಯಿತು. ಹೋಗಿಬರುವ ಲಾರಿಯವರು ಇದನ್ನು ನೋಡಿ ಹಾರನ್ ಹೊಡೆದರು. ದೇವತೆಗಳು ಹೂಮಳೆ ಸುರಿಸಿದ ವರದಿ ಇಲ್ಲ.

ಮನೆಗೆ ಬಂದ ವಿಜಯಿಯನ್ನು ಗುರುಬಸವ್ವ ಏನಾಗಿತ್ತೆಂದು ಕೇಳಿದಳು. ಭಾಳ ದೊಡ್ಡ ಫಾಲ್ಟ್ ಇತ್ತು, ನಿನಗೆ ತಿಳಿಯುವಂಥದ್ದಲ್ಲ ಎಂದು ಅವನು ದವಡೆಯನ್ನು ಒತ್ತಿಕೊಳ್ಳುತ್ತ ಹೇಳಿದ.

ಸಂತೆಯ ಮುಂಜಾನೆ ಪರಾತ ಹಿಂದಕ್ಕೆ ಹೋಯಿತು, ಗುರುಬಸವ್ವ ಮುಂದಕ್ಕೆ ಬಂದಳು. ಇಡೀ ಸೈನ್ಯಕ್ಕೆ ರೊಟ್ಟಿ ಬಡಿದಿಟ್ಟು ಬಂದವಳ ಕೈಗೆ ಇನ್ನೂ ಹಿಟ್ಟು ಅಂಟಿತ್ತು. ಊರು ದಾಟಿತು. ಐವತ್ತು ಬಂತು, ಗುನುಗಿಲ್ಲ. ಅರವತ್ತು ಬಂತು, ಸೀಟಿಯಿಲ್ಲ. ಎಂಥ ನಿಶ್ಶಬ್ದವೆಂದರೆ ಹಿಂದೆ ತಂಬಿಗೆಗೆ ತಂಬಿಗೆ ತಾಗುವುದೂ ಕೇಳುತ್ತಿತ್ತು. ಗವಿಸಿದ್ದಪ್ಪನ ಎದೆ ತುಂಬಿ ಬಂದಿತು. ಎಷ್ಟು ದಿನಗಳ ಮಾತು ಕೂಡಿಬಿದ್ದಿತ್ತು ಅವನಲ್ಲಿ. ಯಾವುದರಿಂದ ಶುರು ಮಾಡಲಿ, ತಮ್ಮನಿಂದಲೋ ಮಳಿಗೆಯಿಂದಲೋ ಎಂದು ಯೋಚಿಸಿ, ಗಂಟಲು ಸರಿಮಾಡಿಕೊಂಡು, ಎಡಕ್ಕೆ ಹೊರಳಿ ನೋಡಿದ.

ಗುರುಬಸವ್ವ ಹೊಸ ರಬ್ಬರಿನ ಬಾಗಿಲಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಗಾಢನಿದ್ರೆಯಲ್ಲಿದ್ದಳು.

ಅವನು ಬಾಯಿ ಮುಚ್ಚಿಕೊಂಡ. ವೇಗವನ್ನು ಇಳಿಸಿದ. ಉಬ್ಬುಗಳ ಮೇಲೆ ಗಾಡಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಳಿಸಿದ, ಎಮ್ಮೆಗಳು ಅಡ್ಡ ಬಂದಾಗ ಹಾರನ್ ಹೊಡೆಯದೆ ಅವು ತಾವಾಗಿ ಹೋಗುವವರೆಗೆ ಕಾದ. ಹೀಗೆ ಅವಳು ಎಷ್ಟು ವರ್ಷಗಳಿಂದ ಈ ದಾರಿಯಲ್ಲಿ ನಿದ್ದೆಗಣ್ಣಿನಲ್ಲೇ ಹೂಂಗುಟ್ಟಿದ್ದಾಳೋ ಎಂದು ಮೊದಲ ಸಲ ಅವನಿಗೆ ಅನ್ನಿಸಿತು. ಅವಳ ಮೇಲೆ ಅವನಿಗೆ ಬಹಳ ಕನಿಕರವಾಯಿತು, ತನ್ನ ಮೇಲೆ ಸ್ವಲ್ಪ ನಾಚಿಕೆಯೂ ಆಯಿತು.

ಕುಕನೂರಿನ ಸಂತೆಯಲ್ಲಿ ಗಾಡಿ ನಿಂತಾಗ ಗುರುಬಸವ್ವ ಕಣ್ಣುಜ್ಜಿಕೊಂಡು ಎದ್ದು, ಸೆರಗು ಸರಿಮಾಡಿಕೊಂಡು, ಗಂಡನ ಮುಖವನ್ನು ಅನುಮಾನದಿಂದ ನೋಡಿದಳು.

"ದಾರಿ ಉದ್ದಕ್ಕೂ ಒಂದ ಮಾತ ಆಡ್ಲಿಲ್ಲಲ್ರಿ," ಅಂದಳು. "ಇನ್ನಾ ಸಿಟ್ಟ ಐತೇನು?"